ಯಜಮಾನಿ ಫೋನು

ಆ ಫೋನಿನ ಮೇಲೆ ಹಿರಿಸೊಸೆಗೆ ಇದ್ದ ನಂಬಿಕೆ ಕಟ್ಟಿಕೊಂಡ ಗಂಡನ ಮೇಲೂ ಇರಲಿಲ್ಲ. ಗಂಡ ಲಾರಿ ಓಡಿಸುವವನು, ಇವತ್ತು ಬರುತ್ತೇನೆಂದರೆ ನಾಡಿದ್ದು ಬರುವ ಆಸಾಮಿ. ಫೋನು ಹಾಗಲ್ಲ. ಮೂಲೆ ಒಡೆದಿತ್ತು, ಬೆನ್ನಿಗೆ ರಬ್ಬರ್ ಬ್ಯಾಂಡ್ ಬಿಗಿದಿತ್ತು, ಆದರೂ ಅತ್ತೆಯ ಮಾತ್ರೆಯ ಹೊತ್ತಿಗೆ ಸರಿಯಾಗಿ ಕೂಗಿಕೊಳ್ಳುತ್ತಿತ್ತು. ಸ್ವಲ್ಪ ದಿನದ ಹಿಂದೆ ಅದು ಸತ್ತಂತೆಯೇ ಬಿದ್ದಿತ್ತು ಅಂದರೆ ಯಾರೂ ನಂಬುತ್ತಿರಲಿಲ್ಲ.

ಆಗ ಅದರಲ್ಲಿ ಒಂದು ನಂಬರು ಹುಡುಕುವಷ್ಟರಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಹರಿದಿರುತ್ತಿತ್ತು. ಜಾಗ ಇಲ್ಲ, ಜಾಗ ಇಲ್ಲ ಅಂತ ಹಗಲೆಲ್ಲ ಗೋಳು. ಹೊಸದೇನಾದರೂ ಹಾಕಿಕೊಳ್ಳಲು ಹೋದರೆ ನಿಮ್ಮ ಫೋನು ತೀರಾ ಹಳೆಯದು ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಿತ್ತು. ಕಡೆಗೆ ಅವಳು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ತಮ್ಮನ ಅಂಗಡಿಗೆ ಹೋದಳು. ತಮ್ಮನದು ಬಸ್ ನಿಲ್ದಾಣದ ಮಗ್ಗುಲಲ್ಲಿ ಫೋನು ರಿಪೇರಿಯ ಗೂಡಂಗಡಿ. ಒಳಗೆ ಒಬ್ಬ ಕೂತರೆ ಇನ್ನೊಬ್ಬ ಹೊರಗೇ ನಿಲ್ಲಬೇಕು.

"ರೂಟ್ ಮಾಡಿಬಿಡ್ತೀನಿ ಅಕ್ಕಾ," ಅಂದ ತಮ್ಮ.

"ಹಂಗಂದ್ರೆ?"

"ಈಗ ನೀನು ಈ ಫೋನಲ್ಲಿ ಬಾಡಿಗೆಗೆ ಇದ್ದ ಹಾಗೆ. ಗೋಡೆಗೊಂದು ಮೊಳೆ ಹೊಡೀಬೇಕಂದ್ರೂ ಫೋನು ಮಾಡಿದ ಕಂಪನಿಯವ್ರು ಬಿಡಲ್ಲ. ರೂಟ್ ಮಾಡಿದ್ರೆ ಮನೆ ನಿಂದೇ. ಅವ್ರು ತುರುಕಿರೋ ಕಸವನ್ನೆಲ್ಲ ಕಿತ್ತು ಬಿಸಾಕಿ ಹೊಸ ಆಂಡ್ರಾಯ್ಡ್ ಹಾಕ್ತೀನಿ. ಆಮೇಲೆ ಇದಕ್ಕೆ ನೀನೇ ಯಜಮಾನಿ."

ಯಜಮಾನಿ ಎಂಬ ಮಾತು ಅವಳಿಗೆ ಹಿಡಿಸಿತು. ಹುಟ್ಟಿದಾಗಿನಿಂದ ಯಾವುದಕ್ಕೂ ಯಜಮಾನಿಯಾಗದವಳು ಒಂದು ಒಡಕು ಫೋನಿಗಾದರೂ ಆಗಲಿ ಎಂದುಕೊಂಡಳು. ತಮ್ಮ ಹೇಳಿದ ಹಾಗೆಯೇ ಮಾಡಿಕೊಟ್ಟ. ಫೋನು ಚಿಗರೆಯಂತೆ ಓಡತೊಡಗಿತು. ಅಕ್ಷರಗಳು ಕೂಡ ಅವಳಿಗೆ ಓದಲು ಬರುವ ಕನ್ನಡದವೇ ಆದವು. ವಿಡಿಯೋ ಕಾಲಿನಲ್ಲಿ ಗಂಡನ ಮುಖ ಲಾರಿಯ ಸ್ಟೇರಿಂಗಿನ ಹಿಂದಿನಿಂದ ಸ್ಪಷ್ಟವಾಗಿ ಕಂಡಿತು. ಇಷ್ಟು ಸ್ಪಷ್ಟವಾಗಿ ಕಾಣಬೇಕಾಗಿರಲಿಲ್ಲ ಎಂದು ಅವಳೇ ನಕ್ಕಿದ್ದಳು.

ಎರಡು ಕಿರಿಕಿರಿ ಮಾತ್ರ ಉಳಿದವು. ಆಫ್ ಮಾಡಿ ಆನ್ ಮಾಡಿದಾಗಲೆಲ್ಲ ಮೊದಲು ಒಂದು ಹಳದಿ ಪರದೆ ಬಂದು, ಈ ಫೋನಿನ ಬೀಗ ತೆರೆದಿದೆ, ಇದನ್ನು ನಂಬುವಂತಿಲ್ಲ ಎಂದು ಎಚ್ಚರಿಸುತ್ತಿತ್ತು. ತಮ್ಮ, "ಅದು ಕಂಪನಿಯವ್ರ ಹೊಟ್ಟೆಕಿಚ್ಚು, ನೋಡ್ಬೇಡ," ಅಂದ. ಇನ್ನೊಂದು, ಆಗಾಗ ಅಡ್ಡ ಬಂದು, ಇಂಥ ಆ್ಯಪಿಗೆ ಪೂರ್ತಿ ಅಧಿಕಾರ ಕೊಡಲೇ, ಬೇಡವೇ ಎಂದು ಕೇಳುತ್ತಿತ್ತು. ಅವಳು ಮೂರು ದಿನದಲ್ಲಿ ರೋಸಿಹೋಗಿ ಮತ್ತೆ ಅಂಗಡಿಗೆ ಹೋದಳು.

"ಏನೋ ಇದು, ಹೂಂ ಅಂತ ಒತ್ತೋದೇ ನಂಗೆ ಉದ್ಯೋಗ ಆಗಿದೆ!"

"ಅಷ್ಟೇ ತಾನೆ?" ತಮ್ಮ ಎಲ್ಲೋ ಒಂದು ಕಡೆ ಒತ್ತಿದ. "ಇನ್ಮೇಲೆ ಕೇಳೋದೇ ಇಲ್ಲ. ಯಾರು ಬಂದ್ರೂ ಅದೇ ಕೊಟ್ಟುಬಿಡತ್ತೆ."

ಅಂದಿನಿಂದ ಪರದೆಯ ಕೆಳಗೆ ಒಂದು ಸಣ್ಣ ಪಟ್ಟಿ ಮಿಂಚಿ ಮಾಯವಾಗುತ್ತಿತ್ತು, ಅಷ್ಟೇ. *ಅನುಮತಿ ನೀಡಲಾಗಿದೆ.* ಅವಳು ಅದನ್ನು ನೋಡಿಯೂ ನೋಡದಂತೆ ಇರುವುದನ್ನು ಕಲಿತಳು. ಕೆಲಸ ಮಾಡುವ ಹೆಂಗಸರಿಗೆ ನೋಡಿಯೂ ನೋಡದಂತಿರುವುದನ್ನು ಯಾರೂ ಹೇಳಿಕೊಡಬೇಕಿಲ್ಲ.

ಅವಳಿಗೆ ಕೆಲಸ ಇದ್ದದ್ದು ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ. ಬಿಸಿ ಉರುಳೆಗಳ ನಡುವೆ ಹಾಸಿಗೆಯ ಚಾದರ ತೂರಿಸುವುದು ಅವಳ ಪಾಲು, ಹಾಗಾಗಿ ಎಲ್ಲರಿಗೂ ಇಸ್ತ್ರಿ ಅಕ್ಕ. ಅವಳ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಅದೇ ಕಾರ್ಖಾನೆಯಲ್ಲಿ ಬಟ್ಟೆ ಬೇರ್ಪಡಿಸುವ ಮೇಜಿನಲ್ಲಿದ್ದಳು. ರಕ್ತ ಮೆತ್ತಿದ್ದು ಒಂದು ಕಡೆ, ಬರೀ ಮಾಸಿದ್ದು ಒಂದು ಕಡೆ. ಆ ಗಂಟುಗಳಲ್ಲಿ ಆಸ್ಪತ್ರೆಯವರು ಮರೆತ ಸೂಜಿಗಳು ಇರುತ್ತಿದ್ದವು. ಕೊಟ್ಟಿದ್ದ ಕೈಗವಸು ಈರುಳ್ಳಿ ಸಿಪ್ಪೆಯಷ್ಟು ತೆಳು. ಮೊದಲು ಆ ಮೇಜಿನಲ್ಲಿದ್ದ ಹೆಂಗಸಿಗೆ ಸೂಜಿ ಚುಚ್ಚಿ, ಕಣ್ಣು ಹಳದಿಯಾಗಿ, ರಜೆ ಹಾಕಿ ಹೋದವಳು ತಿರುಗಿ ಬರಲೇ ಇಲ್ಲ.

ಅವಳು ಸತ್ತ ಸುದ್ದಿ ಬಂದ ಮೇಲೆ ಹೆಂಗಸರು ಒಂದಾದರು. ಕಾರ್ಮಿಕ ಇಲಾಖೆಗೆ ದೂರು ಕೊಟ್ಟು, ಅಧಿಕಾರಿ ಬಂದಾಗ ಮೇಜು ಹೇಗಿರುತ್ತದೋ ಹಾಗೇ ತೋರಿಸಬೇಕೆಂದು ಮಾತಾಯಿತು. ಸೇರಲು ಜಾಗ ಎಲ್ಲಿ? ಇಸ್ತ್ರಿ ಅಕ್ಕನ ಮನೆಯಲ್ಲಿ, ಅತ್ತೆಯ ಕೋಣೆಯಲ್ಲಿ. ಅತ್ತೆಗೆ ಲಕ್ವ ಹೊಡೆದು ಮೈ ಅರ್ಧ ಬಿದ್ದುಹೋಗಿತ್ತು, ಮಾತು ಪೂರ್ತಿ ಹೋಗಿತ್ತು. ಕಾಯಿಲೆಯವರನ್ನು ನೋಡಲು ಬಂದೆವು ಅಂದರೆ ಯಾರೂ ಅನುಮಾನ ಪಡುವುದಿಲ್ಲ.

ಈ ಕಾಲದಲ್ಲಿ ಫೋನುಗಳಿಗೆ ಕಿವಿ ಇರುತ್ತದೆ ಎಂದು ಅವರಿಗೂ ಗೊತ್ತಿತ್ತು. ಆದ್ದರಿಂದ ಬಂದವರೆಲ್ಲ ತಮ್ಮ ತಮ್ಮ ಫೋನನ್ನು ಬಚ್ಚಲಿನ ಮುಚ್ಚಳದ ಬಕೆಟ್ಟಿನಲ್ಲಿ ಹಾಕಿ, ಸದ್ದಿಗೆಂದು ನಲ್ಲಿಯನ್ನು ಸಣ್ಣಗೆ ಬಿಟ್ಟು ಬರಬೇಕು. ಕೋಣೆಯಲ್ಲಿ ಒಂದೇ ಒಂದು ಫೋನಿಗೆ ಜಾಗ. ಅತ್ತೆಯ ತಲೆದೆಸೆಯ ಗೂಡಿನಲ್ಲಿ ಮಾತ್ರೆಯ ಹೊತ್ತು ಕಾಯುತ್ತ ನಿಂತ ಇಸ್ತ್ರಿ ಅಕ್ಕನದು.

"ಅದರಲ್ಲಿ ಯಾವ ಕಂಪನಿಯ ಕಸಾನೂ ಇಲ್ಲ. ನನ್ನ ತಮ್ಮ ತೊಳೆದು ಕೊಟ್ಟಿದ್ದಾನೆ," ಎಂದು ಅವಳು ಬೀಗುತ್ತಿದ್ದಳು. ಹೆಂಗಸರು ಅದಕ್ಕೆ ಯಜಮಾನಿ ಫೋನು ಎಂದು ಹೆಸರಿಟ್ಟು ನಗುತ್ತಿದ್ದರು.

ಕಾರ್ಖಾನೆಯ ಗೇಟಿನಲ್ಲಿ ಕೂರುವ ಟೈಮ್‌ಕೀಪರನಿಗೂ ಒಂದು ಹೆಸರಿಟ್ಟಿದ್ದರು, ಗಡಿಯಾರ. ಒಳಗೆ ಹೋಗುವಾಗ ಫೋನುಗಳನ್ನು ಅವನ ಹಿಂದಿನ ಮರದ ಗೂಡುಗಳಲ್ಲಿ ಇಟ್ಟುಹೋಗಬೇಕು. ಬಿಡುವ ಹೊತ್ತಿಗೇ ಮರಳಿ ಸಿಗುವುದು. ಒಂದು ಬೆಳಗ್ಗೆ ಇಡುವಾಗ ಕೈ ಜಾರಿ ಬಿದ್ದು ಅವಳ ಫೋನು ಆಫಾಗಿ ಮತ್ತೆ ಆನಾಯಿತು, ಹಳದಿ ಪರದೆ ಬಂತು. ಗಡಿಯಾರ ಕತ್ತು ಚಾಚಿ ಓದಿದ.

"ಇದೇನಕ್ಕಾ, ಬೀಗ ತೆರೆದಿದೆ ಅಂತಿದೆ?"

"ರೂಟ್ ಮಾಡ್ಸಿದ್ದೀನಿ. ಈಗ ಇದಕ್ಕೆ ನಾನೇ ಯಜಮಾನಿ, ಗೊತ್ತಾ?" ಅಂದಳು ಇವಳು.

"ಭಾರಿ ಜಾಣ ಬಿಡಿ, ಮಾಡಿಕೊಟ್ಟವ್ನು," ಅಂದ ಗಡಿಯಾರ, ಮತ್ತು ಫೋನನ್ನು ತಾನೇ ಒರೆಸಿ ಗೂಡಿನಲ್ಲಿಟ್ಟ. ಇವಳಿಗೆ ದಿನವಿಡೀ ಖುಷಿ. ಆ ಖುಷಿ ನೆನೆದು ಮುಂದೆ ಅವಳಿಗೇ ಸಂಕಟವಾಗಲಿತ್ತು.

ಅಧಿಕಾರಿ ಬಂದ ದಿನ ಮೇಜು ಥಳಥಳ ಹೊಳೆಯುತ್ತಿತ್ತು. ಮೊಣಕೈವರೆಗಿನ ದಪ್ಪ ಕೈಗವಸು ಬಂದಿದ್ದವು. ಎದ್ದು ನಿಂತು ಮಾತಾಡಬೇಕೆಂದು ಗೊತ್ತುಮಾಡಿದ್ದ ಹೆಂಗಸಿಗೆ ಅಂದೇ ಬೇರೆ ಪಾಳಿ. ಅಧಿಕಾರಿ ಟೀ ಕುಡಿದು, ಇನ್ನೊಮ್ಮೆ ಸೋಮವಾರ ಬರುತ್ತೇನೆಂದು ಹೇಳಿ ಹೋದರು. ಅವರು ಗೇಟು ದಾಟುತ್ತಲೇ ದಪ್ಪ ಕೈಗವಸುಗಳೂ ಬೀರು ಸೇರಿದವು.

ಕೋಣೆಯಲ್ಲಿ ಆಡಿದ ಮಾತು ಕಾರ್ಖಾನೆಗೆ ತಲುಪಿದೆ, ಸಂಶಯವೇ ಇಲ್ಲ. ಹಾಗಾದರೆ ತಮ್ಮೊಳಗೇ ಯಾರೋ ಒಬ್ಬಳು ಹೇಳಿರಬೇಕು. ಜೋರುಬಾಯಿ ಎಂದು ಹೆಸರಾದ ಬಾಯ್ಲರ್ ಕೆಲಸದವಳು ಇಸ್ತ್ರಿ ಅಕ್ಕನ ಕಿವಿಯಲ್ಲಿ ಹೇಳಿದಳು: "ನಿನ್ನ ಓರಗಿತ್ತಿ ಗಡಿಯಾರದ ಹತ್ರ ಗುಸುಗುಸು ಮಾತಾಡ್ತಿದ್ಲು. ಕಣ್ಣಾರೆ ಕಂಡೆ. ಕೈ ಮುಗೀತಿದ್ಲು ಕಣೇ!"

ಹಿರಿಸೊಸೆ ಅಲ್ಲವೆನ್ನಲು ಹೊರಟವಳು ತಡೆದಳು. ಇತ್ತೀಚೆಗೆ ಕಿರಿಯವಳು ಬೇರೆ ಥರ ಆಗಿದ್ದಳು. ತನ್ನ ತಟ್ಟೆ ಲೋಟ ಬೇರೆ ಇಟ್ಟುಕೊಂಡಿದ್ದಳು. ಒಟ್ಟಿಗೆ ಊಟಕ್ಕೆ ಕೂರುತ್ತಿರಲಿಲ್ಲ. ಅತ್ತೆಗೆ ತುತ್ತು ತಿನ್ನಿಸುವುದನ್ನೂ ಬಿಟ್ಟಿದ್ದಳು. ಬೇರೆ ಸಂಸಾರ ಹೂಡುವ ಯೋಚನೆ ಇರಬೇಕು, ಕೊಬ್ಬು ಬಂದಿದೆ ಎಂದು ಹಿರಿಯವಳು ಮೂಗು ಮುರಿದಿದ್ದಳು. ಈಗ ಎಲ್ಲ ಒಂದಕ್ಕೊಂದು ಸರಿಯಾಗಿ ಕೂತಿತು. ತಪ್ಪು ಲೆಕ್ಕಗಳೂ ಹೀಗೇ, ಎಷ್ಟು ಚೆನ್ನಾಗಿ ಕೂರುತ್ತವೆ!

ಆ ವಾರದ ನಡುವೆ ಸಂಜೆ ಎಲ್ಲ ಸೇರಿದಾಗ ಜೋರುಬಾಯಿ ನೇರವಾಗಿ ಕೇಳಿಯೇಬಿಟ್ಟಳು: "ಗಡಿಯಾರದ ಹತ್ರ ಏನು ಮಾತು ನಿಂದು?"

ಕಿರಿಯವಳ ಮುಖ ಸುಣ್ಣದಂತಾಯಿತು. ಅವಳು ಯಾರನ್ನೂ ನೋಡದೆ ಹಿರಿಯವಳ ಕಡೆ ತಿರುಗಿದಳು.

"ಅಕ್ಕ, ನಿನ್ನೊಬ್ಬಳ ಹತ್ರ ಹೇಳ್ತೀನಿ. ಸ್ವಲ್ಪ ಹೊರಗೆ ಬಾ."

"ಒಬ್ಬಳ ಹತ್ರ ಯಾಕೆ? ಮನೆಯೋಳು ಅಂತ ನಾನು ಮುಚ್ಚಿಹಾಕ್ತೀನಿ ಅಂದ್ಕೊಂಡ್ಯಾ? ಏನಿದ್ರೂ ಎಲ್ಲರ ಮುಂದೆ ಹೇಳು."

"ಎಲ್ಲರ ಮುಂದೆ ಆಗಲ್ಲ ಅಕ್ಕ."

"ಹಂಗಾದ್ರೆ ಸರಿಯಾಯ್ತು ಬಿಡು."

ಅಷ್ಟೇ ಮಾತು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಚ್ಚಲಿನ ಬಕೆಟ್ಟಿನಿಂದ ಫೋನು ತೆಗೆದುಕೊಂಡು ಹೊರಟರು. ಅವರನ್ನು ಕಳಿಸಲು ಹಿರಿಯವಳೂ ಓಣಿಯ ತುದಿಯವರೆಗೆ ಹೋದಳು. ಕಿರಿಯವಳು ಅತ್ತೆಯ ಮಂಚದ ಕೆಳಗೆ ಕೂತೇ ಇದ್ದಳು.

ಶನಿವಾರ ಕಾರ್ಖಾನೆಯವರು ಕಿರಿಯವಳನ್ನು ಕೆಲಸದಿಂದ ತೆಗೆದರು. ಕಾರಣ ಹೇಳಲಿಲ್ಲ. "ಬಳಸ್ಕೊಂಡು ಬಿಸಾಕಿದ್ರು ನೋಡು," ಅಂದಳು ಜೋರುಬಾಯಿ. ಹಿರಿಸೊಸೆಗೂ ಹಾಗೇ ಅನ್ನಿಸಿತು. ಅನ್ನಿಸಿದ್ದು ಸಾಲದೆಂಬಂತೆ, ಸಂಜೆ ಕಿರಿಯವಳೂ ಮೈದುನನೂ ಗಂಟು ಮೂಟೆ ಕಟ್ಟಿಕೊಂಡು ಅವಳ ಅಕ್ಕನ ಮನೆಗೆ ಹೊರಟಾಗ ಇವಳು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತಿಕ್ಕುತ್ತ ನಿಂತಳು. ಮೈದುನ ಬಾಗಿಲಲ್ಲಿ, "ಅತ್ತಿಗೆ, ಬರ್ತೀವಿ," ಅಂದದ್ದಕ್ಕೂ ಹೂಂ ಎನ್ನಲಿಲ್ಲ.

ಇನ್ನು ಹಿರಿಸೊಸೆಯ ಬಳಿ ಉಳಿದದ್ದು ಒಂದೇ. ಮೇಜಿನಲ್ಲಿ ಸಿಕ್ಕ ಸೂಜಿಗಳನ್ನು ಅವಳು ಒಂದು ಗಾಜಿನ ಬಾಟಲಿಯಲ್ಲಿ ಕೂಡಿಡುತ್ತ ಬಂದಿದ್ದಳು. ಗೇಟಿನಲ್ಲಿ ಚೀಲ ತಪಾಸಣೆ ಇದ್ದುದರಿಂದ ಹೊರಗೆ ತರಲಾಗದೆ ಕಾರ್ಖಾನೆಯಲ್ಲೇ, ಬಟ್ಟೆ ಒಣಗಿಸುವ ಯಂತ್ರದ ಹಿಂದೆ ನೂಲಿನ ಹೊಟ್ಟು ತುಂಬುವ ಡಬ್ಬಿಯ ಅಡಿಯಲ್ಲಿ ಬಚ್ಚಿಟ್ಟಿದ್ದಳು. ಈ ಜಾಗವನ್ನು ಜೋರುಬಾಯಿಗೂ ಹೇಳಿರಲಿಲ್ಲ. ಸೋಮವಾರ ಅಧಿಕಾರಿಯ ಮುಂದೆ ಸುರಿದುಬಿಡುವುದು, ಆಮೇಲೆ ಆದದ್ದಾಗಲಿ.

ಭಾನುವಾರ ಮಧ್ಯಾಹ್ನ ಅತ್ತೆಯ ಕಾಲು ತಿಕ್ಕುತ್ತ ಅವಳಿಗೆ ಹೊಟ್ಟೆಯಲ್ಲಿದ್ದದ್ದನ್ನು ಇಟ್ಟುಕೊಳ್ಳಲಾಗಲಿಲ್ಲ.

"ನಿಮ್ಮ ಚಿಕ್ಕ ಸೊಸೆ ಎಲ್ಲ ಹಾಳು ಮಾಡಿದ್ರೂ ನಾನು ಬಿಟ್ಟಿಲ್ಲ ಅತ್ತೆ. ಆ ಹೊಟ್ಟಿನ ಡಬ್ಬಿ ಅಡಿ ಬಾಟ್ಲಿ ಇದೆ. ನಾಳೆ ತೋರಿಸ್ತೀನಿ ನೋಡಿ."

ಅತ್ತೆ ಒಳ್ಳೆಯ ಕೈಯಿಂದ ಅವಳ ಮಣಿಕಟ್ಟು ಹಿಡಿದು, ಗಂಟಲಲ್ಲಿ ಏನೋ ಸದ್ದು ಮಾಡಿ, ಬಾಗಿಲ ಕಡೆ ನೋಡಿದಳು. ಕಿರಿಯವಳು ಹೋದಾಗಿನಿಂದ ಮುದುಕಿ ಹೀಗೇ ಮಾಡುತ್ತಿದ್ದಳು. ನೀರು ಬೇಕೇನೋ ಎಂದು ಇವಳು ಚಮಚದಲ್ಲಿ ನೀರು ಕುಡಿಸಿದಳು. ಗೂಡಿನಲ್ಲಿದ್ದ ಫೋನಿನ ಪರದೆಯ ಮೇಲೆ ಪಟ್ಟಿ ಮಿಂಚಿ ಹೋಯಿತು.

ಸೋಮವಾರ ಬೆಳಗ್ಗೆ ಕಾರ್ಖಾನೆಗೆ ಹೋಗಿ ನೋಡಿದರೆ ಹೊಟ್ಟಿನ ಡಬ್ಬಿಯೇ ಹೊಸದು. ಹಳೆಯದೂ ಇಲ್ಲ, ಬಾಟಲಿಯೂ ಇಲ್ಲ. ಅಧಿಕಾರಿ ಬಂದರು, ಹೊಸ ಕೈಗವಸು ಮುಟ್ಟಿ ನೋಡಿದರು, ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಹೇಳಬೇಕಾದವರು ಅಲ್ಲಿರಲಿಲ್ಲ, ಇದ್ದವರ ಕೈಯಲ್ಲಿ ತೋರಿಸಲು ಏನೂ ಇರಲಿಲ್ಲ. ಅವರು ದೂರನ್ನು ಮುಚ್ಚಿ ಹೋದರು.

ಹಿರಿಸೊಸೆ ಉರುಳೆಯ ಮುಂದೆ ನಿಂತೇ ಇದ್ದಳು. ಚಾದರ ಮಡಿಕೆ ಬಿದ್ದು ಸುಟ್ಟ ವಾಸನೆ ಬಂದರೂ ಎಚ್ಚರವಾಗಲಿಲ್ಲ. ಬಾಟಲಿಯ ವಿಷಯ ಹೇಳಿದ್ದು ಅತ್ತೆಯೊಬ್ಬಳಿಗೆ. ಅತ್ತೆಗೆ ನಾಲಗೆ ಇಲ್ಲ. ಕಿರಿಯವಳು ಆ ದಿನ ಮನೆಯಲ್ಲೇ ಇರಲಿಲ್ಲ. ಕೋಣೆಯಲ್ಲಿ ಮತ್ತೆ ಯಾರಿದ್ದರು? ಯಾರಿದ್ದರು ಎಂದು ಹೊಳೆದಾಗ ಅವಳು ಗೇಟಿನ ಕಡೆ ತಿರುಗಿದಳು, ಅಲ್ಲಿ ಮರದ ಗೂಡಿನಲ್ಲಿ ಅವಳ ಫೋನಿತ್ತು.

ಸಂಜೆ ತಮ್ಮ ಫೋನನ್ನು ತಂತಿಗೆ ಸಿಕ್ಕಿಸಿ ನೋಡಿದ. ನೋಡುತ್ತ ನೋಡುತ್ತ ಅವನ ಮುಖ ಇಳಿಯಿತು.

"ಯಾರೋ ಒಂದು ಆ್ಯಪ್ ಹಾಕಿದ್ದಾರೆ ಅಕ್ಕಾ. ಹೊರಗೆ ಕಾಣಲ್ಲ. ಮಾತಾಡಿದ ಸದ್ದು ಬಂದಾಗೆಲ್ಲ ರೆಕಾರ್ಡ್ ಮಾಡಿ ಕಳಿಸತ್ತೆ. ಫೋನು ಯಾರ ಕೈಗಾದ್ರೂ ಕೊಟ್ಟಿದ್ಯಾ?"

"ಗೇಟಿನ ಗೂಡಲ್ಲಿ ಇಡ್ತೀವಲ್ಲ. ಆದ್ರೆ ನಂಬರ್ ಹಾಕಿ ಲಾಕ್ ಮಾಡೇ ಇಡ್ತಿದ್ದೆ ಕಣೋ!"

ತಮ್ಮ ತಲೆ ಎತ್ತಲಿಲ್ಲ. "ನೀನು ಬೀಗ ಹಾಕ್ತಿದ್ದಿದ್ದು ಮುಂಬಾಗಿಲಿಗೆ. ರೂಟ್ ಮಾಡೋವಾಗ ನಾನು ಹಿತ್ತಲ ಬಾಗಿಲು ತೆಗೆದವ್ನು ಹಾಕಲಿಲ್ಲ. ತಂತಿ ಸಿಕ್ಕಿಸಿದ್ರೆ ಯಾರು ಬೇಕಾದ್ರೂ ಬರಬಹುದಿತ್ತು. ಬಂದ ಮೇಲೆ ಅದು ಅಧಿಕಾರ ಕೇಳಿರತ್ತೆ. ಕೇಳಿದ್ದಕ್ಕೆಲ್ಲ ಕೊಡು ಅಂತ ನಾನೇ ಮಾಡಿಟ್ಟಿದ್ನಲ್ಲ." ಫೋನಿನ ಒಡೆದ ಮೂಲೆ ಸವರುತ್ತ, "ನಿಂಗೆ ಕಿರಿಕಿರಿ ಅಂತ," ಅಂದ.

ಬೈಯಲು ಅವಳಿಗೆ ಮನಸ್ಸಾಗಲಿಲ್ಲ. ಕಿರಿಕಿರಿ ಅಂದವಳು ತಾನೇ. ಆನ್ ಮಾಡಿದಾಗಲೆಲ್ಲ ಆ ಹಳದಿ ಪರದೆ ನಂಬಬೇಡ ಅಂದಿತ್ತು. ಮನೆಯವಳೂ ಹೊರಗೆ ಬಾ, ಒಂದು ಮಾತಿದೆ ಅಂದಿದ್ದಳು. ಇವಳು ಎರಡಕ್ಕೂ ಕಿವಿಗೊಡಲಿಲ್ಲ.

ರೆಕಾರ್ಡುಗಳು ಫೋನಿನ ಆಳದಲ್ಲೆಲ್ಲೋ ಸಾಲಾಗಿ ಬಿದ್ದಿದ್ದವು. ಕಿರಿಯವಳನ್ನು ಕೂರಿಸಿ ಕೇಳಿದ ಸಂಜೆಯದನ್ನು ತಮ್ಮ ಹಚ್ಚಿದ. ಜೋರುಬಾಯಿಯ ದನಿ, ತನ್ನದೇ ದನಿ, ಬಚ್ಚಲಿನಲ್ಲಿ ಬಕೆಟ್ಟಿನ ಮುಚ್ಚಳದ ಸದ್ದು. ಆಮೇಲೆ ಕೋಣೆ ಖಾಲಿಯಾದ ಸದ್ದಿಲ್ಲದ ಹೊತ್ತು. ಆಮೇಲೆ ಕಿರಿಯವಳು.

"ಅತ್ತೆ, ನಂಗೆ ಸೂಜಿ ಚುಚ್ಚಿತ್ತು ಅತ್ತೆ. ರಕ್ತ ಪರೀಕ್ಷೆ ಮಾಡಿಸ್ದೆ. ಕಾಮಾಲೆ ಸೋಂಕು ಇದೆಯಂತೆ, ಕೆಟ್ಟದ್ದು."

ತಮ್ಮ ಎದ್ದು ಅಂಗಡಿಯ ಹೊರಗೆ ಹೋಗಿ ನಿಂತ.

"ನಿಮ್ಮ ಮಗಂಗೂ ಹೇಳಿಲ್ಲ. ನಿಮಗೆಲ್ಲ ಎಲ್ಲಿ ತಾಗತ್ತೋ ಅಂತ ತಟ್ಟೆ ಬೇರೆ ಮಾಡ್ಕೊಂಡೆ. ಗಡಿಯಾರಕ್ಕೆ ಕೈ ಮುಗಿದೆ, ಸೂಜಿ ಚುಚ್ಚಿದೆ, ಗುಟ್ಟಾಗಿ ಔಷಧಿ ಕೊಡಿಸಿ ಅಂತ. ಆಗಲ್ಲ ಅಂದ. ಅಕ್ಕಂಗೆ ಹೇಳೋಣ ಅಂದ್ರೆ ಅಷ್ಟು ಜನದ ಮುಂದೆ ಹೆಂಗೆ ಹೇಳ್ಲಿ? ಹೋಗ್ಲಿ ಬಿಡಿ. ಸೋಮವಾರ ಅಧಿಕಾರಿ ಬರ್ತಾರಲ್ಲ, ಅವ್ರೊಬ್ರಿಗೇ ರಿಪೋರ್ಟ್ ತೋರಿಸಿ ನಾನೇ ಎಲ್ಲ ಹೇಳ್ತೀನಿ. ಆಮೇಲೆ ಅಕ್ಕಂಗೂ ಗೊತ್ತಾಗತ್ತೆ. ಅಲ್ಲೀವರೆಗೂ ಬೈದ್ರೆ ಬೈಕೊಳ್ಳಲಿ."

ಅತ್ತೆಯ ಗಂಟಲಿನ ಸದ್ದು. ಬಳೆಯ ಸದ್ದು. ಆಮೇಲೆ ಬಾಗಿಲು ಸರಿದು ತನ್ನದೇ ದನಿ, ಯಾರೋ ಅಪರಿಚಿತ ಹೆಂಗಸಿನ ಹಾಗೆ: "ಇನ್ನೂ ಇಲ್ಲೇ ಕೂತಿದ್ದೀಯಾ?"

ಅವಳನ್ನು ಶನಿವಾರವೇ ಯಾಕೆ ತೆಗೆದರೆಂದು ಈಗ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಿರಿಸೊಸೆ ಗೂಡಂಗಡಿಯ ಸ್ಟೂಲಿನ ಮೇಲೆ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ತಮ್ಮ ಆ ಆ್ಯಪನ್ನು ಕಿತ್ತುಹಾಕಿ, ಸಿಮ್ ತೆಗೆದುಕೊಟ್ಟ. ರೆಕಾರ್ಡುಗಳನ್ನು ಹಾಗೇ ಬಿಡು ಅಂದಳು ಇವಳು. ಮೇಜಿನ ಸತ್ಯ ಹೇಳುವ ಸಾಕ್ಷಿ ಅಂತ ಉಳಿದಿದ್ದರೆ ಅದೊಂದೇ.

ಮರುದಿನ ಕೆಲಸಕ್ಕೆ ಹೋಗದೆ ಓರಗಿತ್ತಿಯ ಅಕ್ಕನ ಮನೆ ಹುಡುಕಿಕೊಂಡು ಹೋದಳು. ಮಹಡಿಯ ಮೆಟ್ಟಿಲ ಕೆಳಗಿನ ಒಂದು ಕೋಣೆ, ಕಿಟಕಿಗೆ ಎದುರಾಗಿ ಗೋಡೆ. ಕಿರಿಯವಳು ಮೆಟ್ಟಿಲ ಮೇಲೆ ಕೂತು ಬಟ್ಟೆಗೆ ಗುಂಡಿ ಹಚ್ಚುತ್ತಿದ್ದಳು. ಕೆಲವೇ ದಿನದಲ್ಲಿ ಅರ್ಧಕ್ಕೆ ಇಳಿದಿದ್ದಳು.

ಹಿರಿಯವಳು ನಿಂತೇ ಎಲ್ಲ ಹೇಳಿದಳು. ಗೇಟು, ಗಡಿಯಾರ, ಹಿತ್ತಲ ಬಾಗಿಲು, ಗೂಡಿನಲ್ಲಿ ಕೂತು ಕೇಳುತ್ತಿದ್ದ ಫೋನು. "ನಿಂದೇನೂ ತಪ್ಪಿಲ್ಲ ಅಂತ ಗೊತ್ತಾಯ್ತು ಕಣೇ. ನನ್ನ ಕ್ಷಮಿಸು," ಅಂದಳು. ಕ್ಷಮಿಸಿದೆ ಎಂದು ಕೇಳಲು ಅವಳ ಜೀವ ಹಾತೊರೆಯುತ್ತಿತ್ತು.

ಕಿರಿಯವಳು ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿಟ್ಟಳು.

"ಅತ್ತೆ ಹತ್ರ ನಾನು ಹೇಳಿದ್ದೂ ಅದರಲ್ಲಿತ್ತಾ?"

"ಇತ್ತು."

"ಗಡಿಯಾರ ಕೇಳಿದ್ನಾ?"

"ಕೇಳಿರ್ಬೇಕು. ಸೂಪರ್ವೈಸರೂ ಕೇಳಿರ್ತಾನೆ."

"ನಿನ್ನ ತಮ್ಮ?"

"ಶುರುವಲ್ಲಿ ಸ್ವಲ್ಪ. ಆಮೇಲೆ ಎದ್ದುಹೋದ."

"ನೀನು?"

"ಪೂರ್ತಿ," ಅಂದಳು ಹಿರಿಯವಳು. ನಿಜ ಹೊತ್ತು ತರುತ್ತಿದ್ದೇನೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದಳು. ಕದ್ದ ಮಾಲನ್ನೂ ಹೊತ್ತು ತಂದಿದ್ದೇನೆಂದು ಅವಳಿಗೆ ಈಗ ತಿಳಿಯಿತು.

"ನಮ್ಮವ್ರಿಗೆ ಇನ್ನೂ ಹೇಳಿಲ್ಲ ಅಕ್ಕ," ಅಂದಳು ಕಿರಿಯವಳು. "ಅತ್ತೆಗೆ ಬಾಯಿ ಇಲ್ಲ ಅಂತ ಅತ್ತೆಗೆ ಹೇಳಿದ್ದು."

"ನಂಗೊತ್ತು. ಆದ್ರೂ ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಬಾಟ್ಲಿ ಹೋಯ್ತು. ಈಗ ಉಳಿದಿರೋದು ನಿನ್ನ ಮಾತೊಂದೇ. ಇದನ್ನ ಅಧಿಕಾರಿ ಹತ್ರ ತಗೊಂಡು ಹೋಗಿ, ನಮ್ಮ ಹೆಂಗಸರಿಗೆಲ್ಲ ಕೇಳಿಸಿದ್ರೆ ಯಾರೂ ನಿನ್ನ ಬಗ್ಗೆ..."

"ಆವತ್ತೂ ಎಲ್ಲರ ಮುಂದೆ ಹೇಳು ಅಂದೆ," ಕಿರಿಯವಳು ತಣ್ಣಗೆ ಅಂದಳು. "ಇವತ್ತೂ ಅದನ್ನೇ ಹೇಳ್ತಿದ್ದೀಯ."

ಮಹಡಿಯ ಮೇಲೆ ಯಾರೋ ಬಕೆಟ್ ಎಳೆದ ಸದ್ದಾಯಿತು. ಹಿರಿಯವಳಿಗೆ ಕಾಲ ಕೆಳಗಿನ ಮೆಟ್ಟಿಲು ಬಿಟ್ಟರೆ ಬೇರೆಲ್ಲೂ ನೋಡಲಾಗಲಿಲ್ಲ.

"ಅಳಿಸು ಅಕ್ಕ. ನನ್ನ ಎದುರಿಗೇ ಅಳಿಸು."

ಅಳಿಸಿದರೂ ಗಡಿಯಾರದ ಹತ್ತಿರ ಇರುತ್ತದೆ ಎಂಬ ಮಾತನ್ನು ಹಿರಿಯವಳು ಆಡಲಿಲ್ಲ. ಕಿರಿಯವಳಿಗೂ ಅದು ಗೊತ್ತಿತ್ತು. ಹಿರಿಯವಳು ಅವಳ ಪಕ್ಕದಲ್ಲಿ ಕೂತು, ಫೋನು ತೆಗೆದು, ತಮ್ಮ ತೋರಿಸಿದ್ದ ದಾರಿಯಲ್ಲಿ ಒಳಗೊಳಗೆ ಹೋದಳು. ಆ ಸಂಜೆಯ ರೆಕಾರ್ಡು ಸಿಕ್ಕಿತು. ಖಂಡಿತವಾಗಿಯೂ ಅಳಿಸಬೇಕೇ ಎಂದು ಒಮ್ಮೆಯಾದರೂ ಕೇಳಬಹುದೆಂದು ಕಾದಳು.

ಫೋನು ಏನನ್ನೂ ಕೇಳಲಿಲ್ಲ. ಒತ್ತಿದ್ದೇ ತಡ, ಸಾಲಿನಿಂದ ಅದು ಇಲ್ಲವಾಯಿತು. ಪರದೆಯ ಕೆಳಗೆ ಎಂದಿನ ಪಟ್ಟಿ ಮಿಂಚಿತು. ಕಿರಿಯವಳು ಬಗ್ಗಿ ಅದನ್ನು ಓದಿದಳು.

"ಅನುಮತಿ ನೀಡಲಾಗಿದೆ ಅಂತ ಬಂತು. ಯಾರು ನೀಡಿದ್ದು ಅಕ್ಕ?"

ಹಿರಿಯವಳು ಫೋನನ್ನು ಮಗುಚಿ ಮಡಿಲಲ್ಲಿ ಇಟ್ಟುಕೊಂಡಳು. ಕಿರಿಯವಳು ಸೂಜಿ ತೆಗೆದುಕೊಂಡು ಮತ್ತೆ ಗುಂಡಿ ಹಚ್ಚತೊಡಗಿದಳು. ಒಳಗೆ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ.